ಜೀರೋ ಬಲ್ಬಿನ ಬಾಡಿಗೆದಾರರು

"ನಿಮ್ಮ ಬ್ಯಾಗಲ್ಲಿ ಜಾಗ ಇದ್ಯಲ್ಲ, ಇದೊಂದು ಹಾಕ್ಕೊಂಡ್ಬಿಡಿ" ಅಂದರು ಅತ್ತಿಗೆ. ಅವರ ಕೈಯಲ್ಲಿದ್ದದ್ದು ಕುಮಾರಧಾರೆಯಲ್ಲಿ ಮುಳುಗೆದ್ದು ಬಂದ ಅಣ್ಣನ ಟವೆಲು. ಹಿಂಡಿರಲಿಲ್ಲ ಅಂತ ಹೇಳಲಾರೆ, ಹಿಂಡಿದ್ದರು. ಪ್ಲಾಸ್ಟಿಕ್ ಕವರಿನಲ್ಲೂ ಸುತ್ತಿದ್ದರು. ಆದರೆ ಆ ಕವರು ಬೆಳಿಗ್ಗೆ ಹಣ್ಣುಕಾಯಿ ಅಂಗಡಿಯವನು ಕೊಟ್ಟದ್ದು; ತೆಂಗಿನಕಾಯಿಯ ಜುಟ್ಟು ಚುಚ್ಚಿ ತಳದಲ್ಲಿ ಆದ ತೂತು ನನಗೆ ಚೆನ್ನಾಗಿ ಕಾಣುತ್ತಿತ್ತು. ಅದರಿಂದ ಒಂದು ಹನಿ ಇಳಿಯಲೋ ಬೇಡವೋ ಅಂತ ನೇತಾಡುತ್ತಿತ್ತು. ಟೆಂಪೊ ಟ್ರಾವೆಲರಿನ ಡ್ರೈವರು ಹಾರ್ನ್ ಮೇಲೆ ಹಾರ್ನ್ ಹೊಡೆಯುತ್ತಿದ್ದ. ಬಿಸಿಲೆ ಘಾಟಿ ಹತ್ತಿ ಕತ್ತಲೆಯೊಳಗೆ ಊರು ಸೇರಬೇಕು.

ಮನೆಮಂದಿಯೊಂದಿಗೆ ಪ್ರವಾಸ ಹೊರಟವನ ಕ್ಯಾಮೆರಾ ಬ್ಯಾಗಿಗೆ ಮಾಲೀಕ ಅಂತ ಯಾರೂ ಇರುವುದಿಲ್ಲ. ಅದರಲ್ಲಿ ಗೂಡುಗಳು ಜಾಸ್ತಿ, ಅದೇ ಅದರ ದುರದೃಷ್ಟ. ಉದ್ದ ಲೆನ್ಸಿನ ಗೂಡಿಗೆ ಒಂದು ಲೀಟರಿನ ನೀರಿನ ಬಾಟಲಿ ಅಳತೆ ತೆಗೆದು ಹೊಲಿಸಿದಷ್ಟು ಸರಿಯಾಗಿ ಕೂರುತ್ತದೆ. ಗಿಡ್ಡ ಲೆನ್ಸಿನ ಜಾಗಕ್ಕೆ ಚಟ್ನಿಪುಡಿ ಡಬ್ಬಿ. ಫಿಲ್ಟರ್ ಇಡುವ ಚಪ್ಪಟೆ ಜೇಬಿನಲ್ಲಿ ಮಾವನವರ ಕನ್ನಡಕ, ಬಿಪಿ ಮಾತ್ರೆ, ತಿರುವಿನಲ್ಲಿ ವಾಂತಿ ಮಾಡುವ ಹುಡುಗಿಗೆಂದು ಕತ್ತರಿಸಿಟ್ಟ ನಿಂಬೆಹಣ್ಣು. ಗೊಣಗಿದರೆ, "ಅಲ್ಲಿ ಸ್ಪಂಜು ಇದೆಯಲ್ಲ, ಒಡೆಯಲ್ಲ" ಅನ್ನುತ್ತಾರೆ. ಒಡೆಯಬಾರದು ಅನ್ನುವ ಕಾಳಜಿ ಚಟ್ನಿಪುಡಿ ಡಬ್ಬಿಯದ್ದು ಅನ್ನುವುದನ್ನು ಗಮನಿಸಬೇಕು.

ಇದೆಲ್ಲ ಸಹಿಸಬಹುದು. ಒದ್ದೆ ಟವೆಲು ಸಹಿಸಲಾಗದು. ಯಾಕೆಂದರೆ ಅದೇ ಬ್ಯಾಗಿನ ಮೂಲೆಗಳಲ್ಲಿ ನಾನು ಸಿಲಿಕಾ ಜೆಲ್ಲಿನ ಪೊಟ್ಟಣಗಳನ್ನು ಇಟ್ಟಿರುತ್ತೇನೆ, ಗಾಳಿಯ ಪಸೆ ಹೀರಿಕೊಳ್ಳಲಿ ಅಂತ. ಒಣಗಿದ್ದಾಗ ಕಿತ್ತಳೆ ಬಣ್ಣ, ಪಸೆ ಕುಡಿದು ಹೊಟ್ಟೆ ತುಂಬಿದ ಮೇಲೆ ಹಸಿರು. ಹಳೆಯ ನಮೂನೆಯದ್ದಾದರೆ ನೀಲಿಯಿಂದ ಗುಲಾಬಿಗೆ ತಿರುಗುತ್ತದೆ. ಆ ನೀಲಿ ಬರುವುದು ಕೋಬಾಲ್ಟ್ ಕ್ಲೋರೈಡಿನಿಂದ, ಅದು ವಿಷ. ಅದನ್ನು ಒಗ್ಗರಣೆ ಬಾಣಲೆಯಲ್ಲಿ ಹುರಿದು ಒಣಗಿಸಿ, ಅದೇ ಬಾಣಲೆಯಲ್ಲಿ ಸಂಜೆ ಅವಲಕ್ಕಿ ಹುರಿಯುವ ಮಹನೀಯರು ಇದ್ದಾರೆ. ಅವರ ಮನೆಗೆ ನಾನು ಕಾಫಿಗೆ ಮಾತ್ರ ಹೋಗುತ್ತೇನೆ.

ಇನ್ನು ಅಕ್ಕಿ. "ಅಕ್ಕಿ ಡಬ್ಬಿಯಲ್ಲಿ ಇಡಿ, ಪಸೆಯೆಲ್ಲ ಎಳ್ಕೊಳುತ್ತೆ" ಅಂತ ಹೇಳದ ಮನುಷ್ಯನನ್ನು ನಾನಿನ್ನೂ ಕಂಡಿಲ್ಲ. ಅಕ್ಕಿಗೆ ಅಂಥ ಶಕ್ತಿ ಇದ್ದಿದ್ದರೆ ಮಳೆಗಾಲದಲ್ಲಿ ಅಕ್ಕಿಗೇ ಯಾಕೆ ಮುಗ್ಗು ಹಿಡಿಯುತ್ತಿತ್ತು? ಅದರ ಧೂಳು ಲೆನ್ಸಿನ ಸಂದಿಗೆ ಸೇರಿ, ಜೂಮ್ ತಿರುಗಿಸಿದಾಗಲೆಲ್ಲ ಕರಕರ ಅನ್ನುತ್ತದೆ. ಜೊತೆಗೆ ಹುಳ.

ಪ್ರವಾಸಕ್ಕೆ ಹೊರಟವನು ಕ್ಯಾಮೆರಾದ ಜೊತೆ ಏನು ಒಯ್ಯಬೇಕು, ಏನು ಬಿಡಬೇಕು ಅನ್ನುವುದರ ಬಗ್ಗೆ ನನ್ನದೊಂದು ಸಿದ್ಧಾಂತ ಇದೆ. ಅದನ್ನು ಹೇಳಲಿಕ್ಕೇ ಹೊರಟದ್ದು. ಆದರೆ ಪಸೆಯ ಮಾತು ಬಂದ ಮೇಲೆ ನಮ್ಮ ಭಾವನ ಪೆಟ್ಟಿಗೆಯನ್ನು ದಾಟಿ ಮುಂದೆ ಹೋಗುವುದು ಸಾಧ್ಯವಿಲ್ಲ.

ಭಾವನ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಿಂದ ಒಳಕ್ಕೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿನ ಆಸುಪಾಸು ಮಳೆ. ಭಾವನ ಅಂಗಳಕ್ಕೆ ಅದಕ್ಕಿಂತ ಸ್ವಲ್ಪ ಕಮ್ಮಿ ಇರಬಹುದು, ಅಕ್ಕ ಒಪ್ಪುವುದಿಲ್ಲ. ಜೂನ್ ತಿಂಗಳಲ್ಲಿ ಒಗೆದ ಬಟ್ಟೆ ಗಣೇಶನ ಹಬ್ಬದ ಹೊತ್ತಿಗೆ ಒಣಗೀತು. ಬೆಂಕಿಪೊಟ್ಟಣ ಗೀರಿದರೆ ಮದ್ದು ಕಿತ್ತು ಬರುತ್ತದೆ. ಕಪಾಟಿನಲ್ಲಿಟ್ಟ ಚರ್ಮದ ಬೆಲ್ಟಿಗೆ ಹದಿನೈದು ದಿನದಲ್ಲಿ ಬಿಳಿ ರೋಮ. ಅಂಥ ಊರಿನಲ್ಲಿ ಭಾವನಿಗೆ ಫೋಟೊ ಹುಚ್ಚು. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದು ನಿವೃತ್ತರಾದವರು. ಕ್ಯಾಮೆರಾ ಹಿಡಿದು ತೋಟದ ಹಕ್ಕಿಯಿಂದ ಹಿಡಿದು ಕೇರಿಯ ಉಪನಯನದವರೆಗೆ ಯಾವುದನ್ನೂ ಬಿಟ್ಟವರಲ್ಲ.

ಲೆನ್ಸಿನ ಒಳಗೆ ಬೂಷ್ಟು ಬೆಳೆಯುತ್ತದೆ ಅನ್ನುವುದು ಬಯಲುಸೀಮೆಯವರಿಗೆ ಕಥೆ ಅನ್ನಿಸಬಹುದು. ಗಾಳಿಯಲ್ಲಿ ಆರ್ದ್ರತೆ ಶೇಕಡಾ 60 ದಾಟಿ, ವಾರಗಟ್ಟಲೆ ಹಾಗೇ ನಿಂತು, ಕತ್ತಲೂ ಸಿಕ್ಕಿದರೆ ಗಾಜಿನ ಮೇಲೂ ಅದು ಸಂಸಾರ ಹೂಡುತ್ತದೆ. ಹೂಡಿದ ಮೇಲೆ ಆಮ್ಲ ಬಿಡುತ್ತದೆ, ಆ ಆಮ್ಲ ಗಾಜಿನ ಮೇಲಿನ ಲೇಪವನ್ನು ತಿನ್ನುತ್ತದೆ. ಆಮೇಲೆ ಬೂಷ್ಟನ್ನು ಒರೆಸಿ ತೆಗೆದರೂ ಅದು ತಿಂದ ಗುರುತು ಹೋಗುವುದಿಲ್ಲ. ಹಾಗಂತ ತೀರಾ ಒಣಗಿಸುವಂತೆಯೂ ಇಲ್ಲ, ರಬ್ಬರು ಬಿರಿಯುತ್ತದೆ. 40ರಿಂದ 50ರ ನಡುವೆ ಇರಬೇಕು. ಅದನ್ನು ತಾನಾಗಿ ನೋಡಿಕೊಳ್ಳುವ ವಿದ್ಯುತ್ ಕಪಾಟುಗಳು ಪೇಟೆಯಲ್ಲಿ ಸಿಗುತ್ತವೆ. ಅದರ ಬೆಲೆ ಕೇಳಿ ಭಾವ, "ಅಷ್ಟು ದುಡ್ಡಿಗೆ ಎರಡನೇ ಕ್ಯಾಮೆರಾ ಬರ್ತದೆ ಮಾರಾಯ, ಅದಕ್ಕೆ ಮತ್ತೊಂದು ಕಪಾಟು ಬೇಕಾಗ್ತದೆ" ಅಂದರು.

ಅವರು ಮಾಡಿದ್ದು ಇಷ್ಟು. ಅಡಿಕೆ ಲೆಕ್ಕದ ಪುಸ್ತಕ ಇಡುತ್ತಿದ್ದ ಅಜ್ಜನ ಕಾಲದ ಹಲಸಿನ ಮರದ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿದರು. ಪಕ್ಕಕ್ಕೊಂದು ತೂತು ಕೊರೆದು ವೈರು ಎಳೆದು ಒಳಗೊಂದು ಜೀರೋ ಬಲ್ಬು ಕೂರಿಸಿದರು. ಮೇಲೆ ತಂತಿಜಾಲರಿ, ಜಾಲರಿಯ ಮೇಲೆ ಕ್ಯಾಮೆರಾ. ಹೆಸರಿಗೆ ಜೀರೋ, ತಿನ್ನುವುದು 15 ವ್ಯಾಟು. ಅದರಲ್ಲಿ ನೂರಕ್ಕೆ ತೊಂಬತ್ತು ಪಾಲು ಶಾಖವಾಗಿಯೇ ಹೊರಬರುತ್ತದೆ. ಗಾಳಿ ಹತ್ತು ಡಿಗ್ರಿ ಬೆಚ್ಚಗಾದರೆ ಅದರ ಸಾಪೇಕ್ಷ ಆರ್ದ್ರತೆ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ ಅಂತ ಭಾವ ನನ್ನನ್ನು ಪೆಟ್ಟಿಗೆಯ ಮುಂದೆ ನಿಲ್ಲಿಸಿ ಪಾಠ ಮಾಡಿದರು. ಕಪ್ಪುಹಲಗೆ ಒಂದು ಇರಲಿಲ್ಲ.

ಪೆಟ್ಟಿಗೆ ಕೆಲಸ ಮಾಡಿತು. ಅದೇ ಎಡವಟ್ಟಾದದ್ದು. ಇಡೀ ಮನೆಯಲ್ಲಿ ಒಣಗಿದ ಜಾಗ ಇರುವುದು ಇದೊಂದೇ ಅಂತ ಅಕ್ಕನಿಗೆ ತಿಳಿಯಲು ಒಂದು ಮಳೆಗಾಲ ಬೇಕಾಗಲಿಲ್ಲ. ಮೊದಲು ಬೆಂಕಿಪೊಟ್ಟಣ ಬಂತು. ಆಮೇಲೆ ಪಹಣಿ, ಪಾಸ್‌ಪುಸ್ತಕ. ಆಮೇಲೆ ಹಲಸಿನ ಹಪ್ಪಳ, ಹಳೇ ಪೇಪರಿನಲ್ಲಿ ಸುತ್ತಿದ ಎರಡು ಕಟ್ಟು. ಮಗಳು ಬಾಣಂತನಕ್ಕೆ ಬಂದ ವರ್ಷ ಮೊಮ್ಮಗುವಿನ ಪುಟ್ಟ ಪುಟ್ಟ ಟೋಪಿಗಳು. ಭಾವ ಪ್ರತಿಭಟಿಸಿದರು. "ನಿಮ್ಮ ಲೆನ್ಸಿಗೆ ಬೂಷ್ಟು ಬಂದ್ರೆ ಫೋಟೊ ಮಂಜಾಗ್ತದೆ ಅಷ್ಟೇ. ಹಪ್ಪಳಕ್ಕೆ ಬಂದ್ರೆ ತಿನ್ನೋದು ಎಂತ?" ಅಂದಳು ಅಕ್ಕ. ವಿಜ್ಞಾನದಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಕ್ಯಾಮೆರಾ ಒಂದು ಬದಿಗೆ ಸರಿಯಿತು, ಲೆನ್ಸು ಹಪ್ಪಳದ ಕಟ್ಟಿನ ಸಂದಿಗೆ ಇಳಿಯಿತು.

2015ರ ಕೊನೆಯಲ್ಲಿ ಸರ್ಕಾರ ಕಡಿಮೆ ಬೆಲೆಗೆ ಎಲ್‌ಇಡಿ ಬಲ್ಬು ಕೊಡಲು ಶುರು ಮಾಡಿತಲ್ಲ, ನಮ್ಮ ರಾಜ್ಯದಲ್ಲಿ ಅದಕ್ಕೆ 'ಹೊಸ ಬೆಳಕು' ಅಂತ ಹೆಸರು. ಬೆಂಗಳೂರಿನಿಂದ ರಜೆಗೆ ಬಂದ ಅಳಿಯ ಮಾಣಿ ಕರೆಂಟಿನ ಬಿಲ್ಲು ನೋಡಿ, ಒಂದೇ ಮಧ್ಯಾಹ್ನದಲ್ಲಿ ಕೊಟ್ಟಿಗೆಯಿಂದ ದೇವರಮನೆವರೆಗೆ ಎಲ್ಲ ಬಲ್ಬೂ ಬದಲಿಸಿದ. ಶಿಸ್ತಿನ ಹುಡುಗ, ಪೆಟ್ಟಿಗೆಯನ್ನೂ ಬಿಡಲಿಲ್ಲ. ಹೊಸ ಬಲ್ಬು ಹಳೆಯದಕ್ಕಿಂತ ಚೆನ್ನಾಗಿಯೇ ಉರಿಯಿತು. ಮುಚ್ಚಳದ ಸಂದಿಯಿಂದ ಬೆಳಕು ಕಾಣುತ್ತಿತ್ತು, ಎಲ್ಲರೂ ನೆಮ್ಮದಿಯಾಗಿದ್ದರು. ಬೆಳಕು ಇದ್ದು ಬಿಸಿ ಇಲ್ಲದ ಬಲ್ಬನ್ನು ಆ ಮನೆ ಅದುವರೆಗೆ ಕಂಡಿರಲಿಲ್ಲ.

ಚೌತಿಗೆ ಹಪ್ಪಳ ಕರಿಯಲು ಪೆಟ್ಟಿಗೆ ತೆರೆದರು. ಹಪ್ಪಳದ ಕಟ್ಟು ಒಂದೇ ಮುದ್ದೆ, ನಡುನಡುವೆ ಹಸಿರು. ಮನೆಯಲ್ಲಿ ಎದ್ದ ಗಲಾಟೆಯೆಲ್ಲ ಹಪ್ಪಳದ್ದೇ. ಭಾವ ಮಾತ್ರ ಲೆನ್ಸನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಂತಿದ್ದರು. ಅಂಚಿನಿಂದ ಒಳಕ್ಕೆ ಜೇಡರಬಲೆಯಂಥ ಎಳೆಗಳು, ಒಂದರಿಂದ ಇನ್ನೊಂದು ಕವಲೊಡೆದು, ನಡುವಿಗೆ ಇನ್ನೇನು ತಲುಪುವುದರಲ್ಲಿದ್ದವು. ಶಿವಮೊಗ್ಗದ ಒಬ್ಬ ರಿಪೇರಿಯವರು ಬಿಚ್ಚಿ ಒರೆಸಿ ಕೊಟ್ಟರು. ಎಳೆ ಹೋಯಿತು, ಗುರುತು ಉಳಿಯಿತು. ಬೆಳಕಿಗೆ ಎದುರಾಗಿ ತೆಗೆದ ಫೋಟೊ ಈಗ ಒಂಥರಾ ಹಾಲು ಹಾಲು. ವಿಚಿತ್ರ ಏನೆಂದರೆ ಮದುವೆಮನೆಗಳಲ್ಲಿ ಭಾವನಿಗೆ ಬೇಡಿಕೆ ಹೆಚ್ಚಿದ್ದು ಅದಾದ ಮೇಲೆಯೇ. "ನೀವು ತೆಗೆದ್ರೆ ಮುಖದ ಕಲೆಯೇ ಕಾಣಲ್ಲ ಮಾಷ್ಟ್ರೇ" ಅನ್ನುತ್ತಾರಂತೆ. ಅವರು ಆ ಲೆನ್ಸನ್ನು ಬದಲಿಸುವ ಮಾತೇ ಆಡುತ್ತಿಲ್ಲ.

ಸಿದ್ಧಾಂತಕ್ಕೆ ಬರೋಣ. ಯುವಿ ಫಿಲ್ಟರಿನಿಂದ ಶುರು ಮಾಡುತ್ತೇನೆ, ಯಾಕೆಂದರೆ ಕ್ಯಾಮೆರಾ ಕೊಂಡ ದಿನವೇ ಅಂಗಡಿಯವರು ಅದನ್ನು ಕೇಳದೆಯೇ ತಿರುಪಿ ಬಿಲ್ಲಿಗೆ ಸೇರಿಸಿರುತ್ತಾರೆ. ಫಿಲ್ಮಿನ ಕಾಲದಲ್ಲಿ ನೇರಳಾತೀತ ಕಿರಣದಿಂದ ದೂರದ ಗುಡ್ಡ ಮಬ್ಬಾಗುತ್ತಿತ್ತು, ಆಗ ಅದಕ್ಕೆ ಅರ್ಥವಿತ್ತು. ಈಗಿನ ಡಿಜಿಟಲ್ ಸೆನ್ಸರಿನ ಮುಂದೆ ಆ ಕಿರಣ ತಡೆಯುವ ಗಾಜು ಮೊದಲೇ ಇದೆ. "ಲೆನ್ಸಿಗೆ ರಕ್ಷಣೆ ಸಾರ್" ಅನ್ನುತ್ತಾರೆ. ಸಾವಿರಾರು ರೂಪಾಯಿಯ ಗಾಜಿನ ಮುಂದೆ ಇನ್ನೂರು ರೂಪಾಯಿಯ ಗಾಜು ಇಟ್ಟು ಅದರ ಮೂಲಕ ಪ್ರಪಂಚ ನೋಡುವುದಾದರೆ, ಸೋಫಾಕ್ಕೆ ಹಾಕಿ ಬಂದ ಪ್ಲಾಸ್ಟಿಕ್ಕನ್ನು ಹತ್ತು ವರ್ಷ ತೆಗೆಯದವರನ್ನು ನಗುವ ಹಕ್ಕು ನಮಗಿಲ್ಲ. ಪೋಲರೈಸರ್ ಬೇರೆ ವಿಷಯ. ಅದನ್ನು ಹಾಕಿ ತಿರುಗಿಸಿದರೆ ನೀರಿನ ಮೇಲಿನ ಹೊಳಪು ಹೋಗಿ ಕುಮಾರಧಾರೆಯ ತಳದ ಕಲ್ಲು ಕಾಣುತ್ತದೆ. ಆ ಕೆಲಸ ಆಮೇಲೆ ಕಂಪ್ಯೂಟರಿನಲ್ಲಿ ಆಗುವಂಥದ್ದಲ್ಲ. ಆದರೆ ಬಾಯಿಯ ಅಗಲ 67 ಮಿಲಿಮೀಟರ್ ಇರುವ ಲೆನ್ಸಿಗೆ ಕೊಂಡದ್ದು 77ಕ್ಕೆ ಕೂರುವುದಿಲ್ಲ. ದೊಡ್ಡ ಅಳತೆಯದ್ದೊಂದನ್ನೇ ಕೊಂಡು, ಸಣ್ಣ ಲೆನ್ಸುಗಳಿಗೆ ಸ್ಟೆಪ್ ಅಪ್ ರಿಂಗ್, ಅಂದರೆ ಸಣ್ಣ ಬಾಯಿಗೆ ದೊಡ್ಡ ಫಿಲ್ಟರ್ ಕೂರಿಸುವ ಬಳೆ, ಹಾಕಿದರಾಯಿತು. ಇದನ್ನು ಮಾತ್ರ ಅಂಗಡಿಯವರು ಹೇಳುವುದಿಲ್ಲ.

ಟ್ರೈಪಾಡಿನ ಬಗ್ಗೆ ಹೇಳಿದರೆ ಸ್ನೇಹಿತರನ್ನು ಕಳೆದುಕೊಳ್ಳುತ್ತೇನೆ. ಬೇಲೂರು, ಹಳೇಬೀಡಿನಂಥ ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ನಿಲ್ಲಿಸಲು ಮುಂಚೆ ಅನುಮತಿ ಬೇಕು. ನಿಯಮದ ಬಗ್ಗೆ ನನಗೆ ತಕರಾರಿಲ್ಲ. ಅದು ಗೊತ್ತಿದ್ದೂ, ಹಾಸನದಿಂದ ಹೆಗಲಿಗೇರಿಸಿಕೊಂಡು ಬಂದು, ಗೇಟಿನಲ್ಲಿ ಕಾವಲಿನವರ ಜೊತೆ ಮುಕ್ಕಾಲು ಗಂಟೆ ವಾದ ಮಾಡಿ ಎಲ್ಲರ ಬೆಳಗಿನ ಬೆಳಕು ಹಾಳು ಮಾಡುವವರ ಬಗ್ಗೆ ಇದೆ. ಹಳೇಬೀಡಿನ ಅತಿ ಹಳೆಯ ಫೋಟೊಗಳಲ್ಲಿ ಕೆಲವನ್ನು ತೆಗೆದವನು ಲಿನಿಯಸ್ ಟ್ರೈಪ್ ಅನ್ನುವ ಸೇನಾಧಿಕಾರಿ, 1854ರ ಡಿಸೆಂಬರಿನಲ್ಲಿ. ಅವನು ತಂದದ್ದು ಮೇಣ ಹಚ್ಚಿದ ಕಾಗದದ ನೆಗೆಟಿವು. ಮುಂಚೆಯೇ ತಯಾರು ಮಾಡಿ ಒಯ್ಯಬಹುದಾದದ್ದು, ಗಾಜಿನ ಫಲಕ ಹೊರುವ ಹಂಗಿಲ್ಲ. ಸಾಮಾನು ಕಮ್ಮಿ ಮಾಡಿಕೊಳ್ಳುವ ಬುದ್ಧಿ ಆ ಮನುಷ್ಯನಿಗೆ ಆಗಲೇ ಇತ್ತು. ಕ್ಯಾಮೆರಾ ನಿಲ್ಲಿಸಲು ಅವನು ಯಾರ ಅಪ್ಪಣೆಯನ್ನೂ ಕೇಳಬೇಕಾಗಿರಲಿಲ್ಲ ಅನ್ನಿ, ಪುರಾತತ್ವ ಸರ್ವೇಕ್ಷಣ ಇಲಾಖೆ ಹುಟ್ಟಿದ್ದೇ 1861ರಲ್ಲಿ. ಅವನು ಡಿಸೆಂಬರಿನಲ್ಲಿ ಬಂದದ್ದೂ ಜಾಣತನವೇ. ಜುಲೈನಲ್ಲಿ ಆ ಕಾಗದ ಹಿಡಿದು ಆಗುಂಬೆ ಕಡೆ ಹೋಗಿದ್ದರೆ ಅಕ್ಕ ಅದರಲ್ಲಿ ಹಪ್ಪಳ ಸುತ್ತುತ್ತಿದ್ದಳು.

ಒರೆಸುವುದರ ಬಗ್ಗೆ ಒಂದೇ ಮಾತು. ಮೊದಲು ಬ್ಲೋವರಿನಿಂದ ಊದಿ, ಆಮೇಲೆ ಬ್ರಷ್ಷು, ಕೊನೆಗೆ ಬೇಕಾದರೆ ಬಟ್ಟೆ. ಧೂಳಿನಲ್ಲಿ ಇರುವುದು ಮರಳಿನ ಕಣ, ಒತ್ತಿ ಒರೆಸಿದರೆ ಗೀರುತ್ತದೆ. ಪಂಚೆಯ ಚುಂಗು, ಶಲ್ಯ, ಸೆರಗು ಯಾವುದೂ ಲೆನ್ಸ್ ಒರೆಸಲು ಅಲ್ಲ, ಎಷ್ಟೇ ಪ್ರೀತಿಯಿಂದ ಮುಂದೆ ಮಾಡಿದರೂ. ವಿಮಾನದಲ್ಲಿ ಹೋಗುವವರು ಬಿಡಿ ಬ್ಯಾಟರಿಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು, ಲಗೇಜಿಗೆ ಹಾಕುವಂತಿಲ್ಲ. ಇನ್ನು ಕ್ಯಾಮೆರಾವನ್ನು ಕುತ್ತಿಗೆಗೆ ಹಾಕಿಕೊಳ್ಳುವ ಪಟ್ಟಿ. ಕಂಪನಿಯ ಹೆಸರನ್ನು ಹಳದಿಯಲ್ಲೋ ಕೆಂಪಿನಲ್ಲೋ ದಪ್ಪಕ್ಷರದಲ್ಲಿ ಬರೆದು ನಮ್ಮ ಕೊರಳಿಗೇ ತಗುಲಿಸಿ, ಅದಕ್ಕೆ ನಮ್ಮಿಂದಲೇ ದುಡ್ಡು ತೆಗೆದುಕೊಳ್ಳುವ ಧೈರ್ಯಕ್ಕೆ

ಇಷ್ಟು ಬರೆಯುವಾಗ ಭಾವನ ಫೋನು ಬಂತು. ಪೆಟ್ಟಿಗೆಗೆ ಹಳೇ ನಮೂನೆಯ ಬಲ್ಬು ಬೇಕಂತೆ, ತೀರ್ಥಹಳ್ಳಿ ಪೇಟೆಯಲ್ಲಿ ಕೇಳಿದ ಅಂಗಡಿಯಲ್ಲೆಲ್ಲ ಎಲ್‌ಇಡಿಯೇ ಕೊಡುತ್ತಾರಂತೆ. "ಬೆಂಗಳೂರಲ್ಲಿ ಸಿಗದೇ ಇರೋದು ಎಂತ ಉಂಟು, ನೋಡು ಮಾರಾಯ." ಎಸ್‌ಜೆಪಿ ರಸ್ತೆಗೆ ಹೋದೆ. ಮೊದಲ ಅಂಗಡಿಯವರು ನನ್ನನ್ನು ಕನಿಕರದಿಂದ ನೋಡಿ ಎಲ್‌ಇಡಿಯ ಲಾಭ ವಿವರಿಸಿದರು. ಒಳಗಲ್ಲಿಯ ಇನ್ನೊಬ್ಬರಿಗೆ, "ಬೆಳಕು ಬೇಡ, ಬಿಸಿ ಬೇಕು" ಅಂದೆ. ಅವರ ಮುಖ ಅರಳಿತು.

"ಹಂಗೆ ಹೇಳಿ ಸಾರ್. ಕೋಳಿಮರಿಗಲ್ವಾ?"

ಬೂಷ್ಟು, ಲೆನ್ಸು, ಹಪ್ಪಳ ಎಲ್ಲ ವಿವರಿಸುವ ಚೈತನ್ಯ ಆ ಬಿಸಿಲಿನಲ್ಲಿ ನನಗಿರಲಿಲ್ಲ. ಹೂಂ, ಅರವತ್ತು ವ್ಯಾಟಿಂದು ಕೊಡಿ ಅಂದೆ.

"ಎಷ್ಟು ಮರಿ?"

ಭಾವನ ಹತ್ತಿರ ಇರುವುದು ಒಂದು ಕ್ಯಾಮೆರಾ, ಎರಡು ಲೆನ್ಸು. "ಮೂರು" ಅಂದೆ.

"ಮೂರಕ್ಕೆ ಅರವತ್ತು ಯಾಕೆ ಸಾರ್, ನಲವತ್ತು ತಗೊಂಡೋಗಿ. ದಿನಾ ಒಂದು ಸಲ ಮುಚ್ಚಳ ತೆಗೆದು ಗಾಳಿ ಆಡಿಸಿ. ಮತ್ತೆ ಅದರ ಜೊತೆ ಬೇರೆ ಏನೂ ತುಂಬಬೇಡಿ."