ಒಪ್ಪಂದದ ಕೊನೆಯ ಪುಟದಲ್ಲಿರುವ ಆ ಸಾಲು

ಕಳೆದ ವಾರ ಪೀಣ್ಯದ ಬಿಡಿಭಾಗ ತಯಾರಕರೊಬ್ಬರು ಜರ್ಮನಿಯ ಗಿರಾಕಿ ಕಳಿಸಿದ ಕರಡು ಒಪ್ಪಂದ ಹಿಡಿದು ನಮ್ಮ ಆಫೀಸಿಗೆ ಬಂದಿದ್ದರು. ರೇಟು, ಡೆಲಿವರಿ, ಪೆನಾಲ್ಟಿ ಎಲ್ಲದರ ಪಕ್ಕದಲ್ಲೂ ಪೆನ್ಸಿಲ್ ಗುರುತು. ಕೊನೆಯ ಪುಟದ 'ಈ ಒಪ್ಪಂದಕ್ಕೆ ಇಂಗ್ಲೆಂಡಿನ ಕಾನೂನು ಅನ್ವಯಿಸುತ್ತದೆ' ಎಂಬ ಸಾಲಿನ ಹತ್ತಿರ ಮಾತ್ರ ಏನೂ ಇರಲಿಲ್ಲ. ಕೇಳಿದರೆ, "ಅದು ಎಲ್ಲದ್ರಲ್ಲೂ ಇರತ್ತಲ್ಲ ಸರ್, ಇರ್ಲಿ ಬಿಡಿ" ಅಂದರು.

ಮಾಲು ಬೆಂಗಳೂರಿನದು, ಹೋಗುವುದು ಜರ್ಮನಿಗೆ. ನಡುವೆ ಇಂಗ್ಲೆಂಡ್ ಯಾಕೆ? ವ್ಯವಹಾರಕ್ಕೂ ಇಂಗ್ಲೆಂಡಿಗೂ ನಂಟು ಇರಲೇಬೇಕೆಂದಿಲ್ಲ ಅಂತ ಬ್ರಿಟಿಷ್ ವಸಾಹತುಗಳ ಕೊನೆಯ ಮೇಲ್ಮನವಿ ಕೇಳುತ್ತಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ 1939ರಲ್ಲೇ ವೀಟಾ ಫುಡ್ ಪ್ರಕರಣದಲ್ಲಿ ಹೇಳಿತು. ನ್ಯೂಯಾರ್ಕ್ 1984ರಲ್ಲಿ ಇದಕ್ಕೆ ಕಾಯ್ದೆಯನ್ನೇ ಮಾಡಿತು: ವ್ಯವಹಾರ ಎರಡೂವರೆ ಲಕ್ಷ ಡಾಲರಿಗೆ ಕಡಿಮೆ ಇಲ್ಲದಿದ್ದರೆ ಸಾಕು, ನಂಟಿರಲಿ ಬಿಡಲಿ, ನಮ್ಮ ಕಾನೂನು ಆರಿಸಿಕೊಳ್ಳಿ. ಸಿಂಗಾಪುರ 2015ರಲ್ಲಿ ವಿದೇಶಿ ನ್ಯಾಯಮೂರ್ತಿಗಳನ್ನೂ ಕೂರಿಸಿ ಅಂತರರಾಷ್ಟ್ರೀಯ ವಾಣಿಜ್ಯ ನ್ಯಾಯಾಲಯ ತೆರೆಯಿತು. ಗಿರಾಕಿಗಳಿಗಾಗಿ ಅಂಗಡಿಗಳ ನಡುವೆ ಇರುವಂಥದ್ದೇ ಪೈಪೋಟಿ ಇದು.

ಇದರಿಂದ ಏನಾಗುತ್ತದೆ ಅನ್ನುವುದಕ್ಕೆ ಒಂದು ಗೋಧಿ ವ್ಯಾಜ್ಯ ನೋಡಿ. 2010ರ ಜೂನ್‌ನಲ್ಲಿ ಬಂಗಿ ಕಂಪನಿ ನಿಡೆರಾ ಕಂಪನಿಗೆ 25,000 ಟನ್ ರಷ್ಯಾದ ಗೋಧಿ ಮಾರಲು ಒಪ್ಪಿತ್ತು. ನೊವೊರೊಸಿಸ್ಕ್ ಬಂದರಿನಲ್ಲಿ ಲೋಡಿಂಗ್. ಲಂಡನ್ನಿನ ಧಾನ್ಯ ವ್ಯಾಪಾರ ಸಂಘ ಗಾಫ್ಟಾದ ಮಾದರಿ ಒಪ್ಪಂದ, ಅಂದರೆ ಇಂಗ್ಲಿಷ್ ಕಾನೂನು. ಆಗಸ್ಟ್‌ನಲ್ಲಿ ರಷ್ಯಾ ರಫ್ತು ನಿಷೇಧ ಘೋಷಿಸಿತು. ನಿಷೇಧ ಜಾರಿಗೆ ಬರುವ ಮೊದಲೇ ಮಾರಾಟಗಾರರು ಒಪ್ಪಂದ ರದ್ದು ಅಂದುಬಿಟ್ಟರು. ಒಂದು ಕಾಳೂ ಹಡಗು ಹತ್ತಲಿಲ್ಲ. ಕೊಳ್ಳುವವರು ಕೇಳಿದ್ದು 30 ಲಕ್ಷ ಡಾಲರಿಗೂ ಹೆಚ್ಚು. ರದ್ದು ಮಾಡಿದ್ದು ತಪ್ಪೇ, ಆದರೆ ನಿಷೇಧದಿಂದ ಗೋಧಿ ಹೇಗೂ ಬರುತ್ತಿರಲಿಲ್ಲ, ಹಾಗಾಗಿ ನಿಜವಾದ ನಷ್ಟವಿಲ್ಲ ಅಂತ 2015ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಹೇಳಿ, ಕೊಡಿಸಿದ್ದು ಐದು ಡಾಲರ್!

ಬೆಳೆ ರಷ್ಯಾದ್ದು, ಬಂದರು ಕಪ್ಪು ಸಮುದ್ರದ್ದು. ಬೆಳೆದದ್ದು ಮಾತ್ರ ಇಂಗ್ಲೆಂಡಿನ ಕಾನೂನು. ನಷ್ಟ ಲೆಕ್ಕ ಹಾಕುವ ಬಗ್ಗೆ ಅದಕ್ಕೆ ಇನ್ನೊಂದು ಗಟ್ಟಿ ತೀರ್ಪು ಸಿಕ್ಕಿತು. ಅದನ್ನು ನೋಡಿ ಮುಂದಿನ ವರ್ತಕರೂ ಅದೇ ಕಾನೂನು ಬರೆಸುತ್ತಾರೆ, ಮುಂದಿನ ವ್ಯಾಜ್ಯವೂ ಅಲ್ಲಿಗೇ ಹೋಗುತ್ತದೆ.

ನಮ್ಮ 1872ರ ಕರಾರು ಕಾಯ್ದೆಯಲ್ಲೂ ನಷ್ಟಪರಿಹಾರಕ್ಕೆ 73ನೇ ಸೆಕ್ಷನ್ ಇದೆ. ಇಂಥ ಪ್ರಶ್ನೆಗೆ ಉತ್ತರ ಕೊಡಬಲ್ಲ ನ್ಯಾಯಮೂರ್ತಿಗಳೂ ನಮ್ಮಲ್ಲಿದ್ದಾರೆ. ಪ್ರಶ್ನೆಯೇ ಅವರ ಮುಂದೆ ಬರದಿದ್ದರೆ ತೀರ್ಪು ಎಲ್ಲಿಂದ ಹುಟ್ಟಬೇಕು? ನಮ್ಮ ಕೋರ್ಟುಗಳ ವಿಳಂಬಕ್ಕೆ ಹೆದರಿ ವರ್ತಕರು ದೂರ ಸರಿಯುತ್ತಾರೆ ಅನ್ನುವುದು ಸುಳ್ಳಲ್ಲ, ನನಗೂ ಅದರ ಸಂಕಟ ಗೊತ್ತು. ಆದರೆ ಕಾನೂನು ಭಾರತದ್ದಿಟ್ಟು ವ್ಯಾಜ್ಯವನ್ನು ಮಧ್ಯಸ್ಥಿಕೆಗೆ (ಆರ್ಬಿಟ್ರೇಷನ್, ಅಂದರೆ ಕೋರ್ಟಿನ ಬದಲು ಇಬ್ಬರೂ ಒಪ್ಪಿದ ಮಧ್ಯಸ್ಥರು ತೀರ್ಪು ಕೊಡುವುದು) ಒಪ್ಪಿಸಬಹುದಲ್ಲ! ಬಾಯಿಬಿಟ್ಟು ಕೇಳದೇ ಸಹಿ ಹಾಕುವುದು ನನಗೆ ಒಪ್ಪಿಗೆಯಿಲ್ಲ.

ಪೀಣ್ಯದವರಿಗೂ ಹಾಗೇ ಹೇಳಿದೆ. 'ಭಾರತದ ಕಾನೂನು, ಮಧ್ಯಸ್ಥಿಕೆ ಬೆಂಗಳೂರಿನಲ್ಲಿ' ಎಂದು ತಿದ್ದಿ ಮೊನ್ನೆ ಕರಡು ವಾಪಸ್ ಕಳಿಸಿದ್ದೇವೆ. ಜರ್ಮನಿಯಿಂದ ಉತ್ತರ ಬಂದಿಲ್ಲ. ಬೇರೆಯವರು ಹೀಗೆ ಕೇಳಿ ಪಡೆದಿದ್ದರೆ ದಯವಿಟ್ಟು ಹೇಗೆ ಒಪ್ಪಿಸಿದಿರಿ ಅಂತ ಬರೆಯಿರಿ.