ಸರಿ ಪಕ್ಕದವರ ತಪ್ಪು

ಮದುವೆಯಲ್ಲಿ ಮುಯ್ಯಿ ಕೊಡುವಾಗ 100 ಕೊಡಬಾರದು, 101 ಕೊಡಬೇಕು ಅಂತ ಅಜ್ಜಿ ಹೇಳುತ್ತಿದ್ದರು. ಸರಿ ಸಂಖ್ಯೆ ಆದರೆ ಲೆಕ್ಕ ಅಲ್ಲಿಗೇ ಮುಗಿಯಿತು. ಬೆಸ ಆದರೆ ಇನ್ನೂ ಏನೋ ಬಾಕಿ ಇದೆ ಅಂತ ಅರ್ಥ. ನಾನು ನಗುತ್ತಿದ್ದೆ. ಬಾಡಿಗೆ ಮನೆ ಹುಡುಕುವಾಗ ಬಿಸಿಲು, ಹೀಟರು, ಬಸ್ ಸ್ಟಾಪು ಎಲ್ಲ ನೋಡಿದೆ. ನಂಬರ್ ಸರಿಯೋ ಬೆಸವೋ ಅಂತ ಮಾತ್ರ ನೋಡಲಿಲ್ಲ.

ಅಜ್ಜಿಯ ಮಾತು ನೆನಪಾಗಿದ್ದು 2023ರ ಜನವರಿ ಕೊನೆಯಲ್ಲಿ, ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ. ಒಳಬೀದಿಗಳಲ್ಲಿ ಸರಿ ಸಂಖ್ಯೆಯ ಮನೆಗಳಿರುವ ಪಕ್ಕ ಯಾರೂ ಗಾಡಿ ನಿಲ್ಲಿಸುವಂತಿಲ್ಲ ಅಂತ ಊರಿಗೆಲ್ಲ ಆದೇಶ ಬಂತು. ಏಪ್ರಿಲ್ 1ರವರೆಗೆ, ಇಲ್ಲವೇ ರಸ್ತೆ ಸುಧಾರಿಸುವ ತನಕ. ನಮ್ಮ ಮನೆ ನಂಬರಿನ ಕೊನೆಗೆ 4.

ಸರಿ ಇದ್ದಿದ್ದೇ ತಪ್ಪಾಯಿತು.

ಇಲ್ಲಿ ಸ್ನೋ ಜೋರಾಗಿ ಬಿದ್ದಾಗಲೆಲ್ಲ ಮೂರು ದಿನದ ಒಂದು ವ್ರತ ಇರುತ್ತದೆ. ಮೊದಲ ರಾತ್ರಿ 9ರಿಂದ ಬೆಳಿಗ್ಗೆ 8ರವರೆಗೆ ಮುಖ್ಯರಸ್ತೆಗಳಲ್ಲಿ ಗಾಡಿ ಇರಬಾರದು. ಎರಡನೇ ದಿನ ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಒಳಬೀದಿಗಳ ಸರಿ ಪಕ್ಕದಲ್ಲಿ ಇರಬಾರದು. ಮೂರನೇ ದಿನ ಬೆಸ ಪಕ್ಕದ ಸರದಿ. ಹಿಮ ತಳ್ಳುವ ಪ್ಲೋ ಲಾರಿ ಬಂದು ಆಯಾ ಪಕ್ಕವನ್ನು ಕೆರೆದುಕೊಂಡು ಹೋಗುತ್ತದೆ. ಬಂದ ಮೊದಲ ವರ್ಷ ನಾನು ಎರಡನೇ ದಿನವನ್ನು ಮೂರನೆಯದು ಅಂದುಕೊಂಡು ಹಾಯಾಗಿ ಮಲಗಿದ್ದೆ. ಎದ್ದು ನೋಡಿದರೆ ಗಾಡಿ ಇದ್ದ ಜಾಗದಲ್ಲಿ ಅಚ್ಚುಕಟ್ಟಾದ ಆಯತಾಕಾರದ ಖಾಲಿ. ತಪ್ಪು ನನ್ನದೇ. ದಂಡ ಕಟ್ಟಿ ಬಿಡಿಸಿಕೊಂಡು ಬಂದೆ. ಏಕಾದಶಿ ಯಾವತ್ತು ಅಂತ ಪಂಚಾಂಗ ನೋಡುವ ಹಾಗೆ, ಅಂದಿನಿಂದ ಮನೆಯಲ್ಲಿ ಕೇಳುವ ಮಾತು ಒಂದೇ: "ಇವತ್ತು ಸರಿಯೋ, ಬೆಸವೋ?"

ಆದರೆ ಮೂರು ದಿನದ ವ್ರತ ಬೇರೆ, ಇಡೀ ಚಳಿಗಾಲದ್ದು ಬೇರೆ. ಇದು ಪ್ರತಿವರ್ಷ ಬರುವುದಿಲ್ಲ. ಬೀದಿ ತೀರಾ ಕಿರಿದಾದಾಗ ಮಾತ್ರ.

ಬೀದಿ ಕಿರಿದಾಗುವುದು ಹೇಗೆ ಅಂತ ಕೇಳಬಹುದು. ಸುಮ್ನೆ ಲೆಕ್ಕ ಹಾಕಿ. ನಮ್ಮದು ಹತ್ತಿರ ಹತ್ತಿರ 30 ಅಡಿ ಬೀದಿ. ಮೈಸೂರಿನ 30-40 ಸೈಟಿನ ಮುಂಭಾಗದಷ್ಟು. ಎರಡೂ ಕಡೆ ಗಾಡಿ ನಿಂತರೆ ಕನ್ನಡಿ, ಸಂದು ಎಲ್ಲ ಸೇರಿ 14 ಅಡಿ ಹೋಯಿತು. ಬೇಸಿಗೆಯಲ್ಲಿ ನಡುವೆ ಉಳಿಯುವ 16 ಅಡಿ ಧಾರಾಳ. ಚಳಿಗಾಲದಲ್ಲಿ ಪ್ಲೋ ಹಿಮವನ್ನು ಎತ್ತಿಕೊಂಡು ಹೋಗುವುದಿಲ್ಲ, ಪಕ್ಕಕ್ಕೆ ತಳ್ಳುತ್ತದೆ ಅಷ್ಟೆ. ಯಾರದೋ ಗಾಡಿ ಅಲ್ಲೇ ನಿಂತಿದ್ದರೆ ಅದನ್ನು ಬಳಸಿಕೊಂಡು ಹೋಗುತ್ತದೆ. ತಳ್ಳಿದ್ದು ಕರಗುವುದಿಲ್ಲ. ರಾತ್ರಿ ಕಳೆದರೆ ಕಾಂಕ್ರೀಟು. ಮುಂದಿನ ವಾರದ ಹಿಮ ಅದರ ಮೇಲೆ. ಹೀಗೆ ಎರಡೂ ಅಂಚಿನಿಂದ ಮೂರು ಮೂರು ಅಡಿ ಗೋಡೆ ಒಳಗೆ ಬಂದರೆ, ಗಾಡಿಗಳೂ ಅಷ್ಟೇ ಒಳಗೆ ಸರಿಯುತ್ತವೆ. ನಡುವೆ 10 ಅಡಿ. ಫೈರ್ ಇಂಜಿನ್ನಿನ ಅಗಲ, ಕನ್ನಡಿ ಸೇರಿ, ಹೆಚ್ಚುಕಡಿಮೆ ಅಷ್ಟೇ. ಆ ಚಳಿಗಾಲ ಮುಗಿಯುವ ಹೊತ್ತಿಗೆ ಒಟ್ಟು 90 ಇಂಚು ಬಿದ್ದಿತ್ತು. ಏಳೂವರೆ ಅಡಿ! ಅಷ್ಟು ಬಿದ್ದರೂ ದಾಖಲೆಯೇನಲ್ಲ. 1983-84ರಲ್ಲಿ 98 ಇಂಚು ದಾಟಿತ್ತಂತೆ.

ಹಾಗಾಗಿ ಆದೇಶದ ಮೇಲೆ ನನಗೆ ಕೋಪವಿರಲಿಲ್ಲ. ಆಂಬ್ಯುಲೆನ್ಸ್ ಬರಬೇಕು, ಒಪ್ಪಿದೆ. ಹೊಟ್ಟೆಯುರಿ ಇದ್ದದ್ದು ಎದುರು ಮನೆಯವರ ಮೇಲೆ. ಬೆಸ ಸಂಖ್ಯೆಯವರು! ಏನೂ ಮಾಡದೆ ಪುಣ್ಯ ಬಂದವರು.

ನಾವಿರುವುದು ಮಹಡಿಯಲ್ಲಿ. ಹಿಂದಿನ ಓಣಿಯಲ್ಲಿರುವ ಗ್ಯಾರೇಜು ಕೆಳಗಿನವರದು. ಬೀದಿಯೇ ನಮಗೆ ಗತಿ. ಆದೇಶ ಬಂದ ಸಂಜೆ ಗಾಡಿಯನ್ನು ಎದುರು ಪಕ್ಕಕ್ಕೆ ಸಾಗಿಸಿ, ಮಂಜುಗಡ್ಡೆಯ ಮೇಲೆ ಪೆಂಗ್ವಿನ್ ಥರ ಹೆಜ್ಜೆ ಹಾಕುತ್ತಾ ವಾಪಸು ಬಂದೆ. ಬೀದಿ ದಾಟಿದ್ದು 30 ಅಡಿ. ಆದರೂ ಗಾಡಿಯನ್ನು ಬೇರೆ ಊರಲ್ಲಿ ಬಿಟ್ಟು ಬಂದ ಹಾಗಿತ್ತು.

ಇದನ್ನು ಅಮ್ಮನಿಗೆ ಫೋನಿನಲ್ಲಿ ಹೇಳಿದೆ.

"ಅಲ್ಲಾ ಕಣೋ, ನಿಮ್ಮನೆ ಮುಂದೆ ನೀವೇ ನಿಲ್ಸಂಗಿಲ್ವಾ?"

"ಮನೆ ಮುಂದೆ ಇರೋದು ರಸ್ತೆ ಅಮ್ಮಾ. ಅದು ಊರಿನದು."

"ಊರಿನದಾದ್ರೆ? ಮುಂದೆ ಇರೋದು ನಿಮ್ಮನೆ ತಾನೆ?"

ಇದಕ್ಕೆ ಉತ್ತರ ಹೇಳುವುದು ಕಷ್ಟ. ಅಮ್ಮ ದಿನಾ ಬೆಳಿಗ್ಗೆ ಗೇಟಿನ ಹೊರಗೆ ಡಾಂಬರಿನ ಮೇಲೂ ಎರಡು ಬಕೆಟ್ ನೀರು ಹಾಕಿ, ರಂಗೋಲಿ ಇಡುವವರು. ಆ ಜಾಗ ಯಾವ ಪತ್ರದಲ್ಲೂ ನಮ್ಮದಲ್ಲ. ಆದರೆ ಅಲ್ಲಿ ಯಾರಾದರೂ ಬೈಕ್ ನಿಲ್ಲಿಸಿದರೆ ಕಿಟಕಿಯಿಂದ "ಯಾರಪ್ಪಾ ಅದು?" ಅಂತ ಕೂಗು ಹೋಗುತ್ತದೆ. ನಮ್ಮ ಬೀದಿಯಲ್ಲಿ ಒಬ್ಬರು ಅದೇ ಥರದ ಜಾಗದಲ್ಲಿ ತುಳಸಿ ಕುಂಡ ಇಟ್ಟಿದ್ದಾರೆ. ತುಳಸಿಯನ್ನು ಪಕ್ಕಕ್ಕೆ ಸರಿಸಿ ಕಾರು ನಿಲ್ಲಿಸುವ ಧೈರ್ಯ ಯಾರಿಗಿದೆ? ಕೆಲವು ಪೇಟೆಬೀದಿಗಳಲ್ಲಿ ಸಮ ದಿನಾಂಕಕ್ಕೆ ಒಂದು ಕಡೆ, ಬೆಸ ದಿನಾಂಕಕ್ಕೆ ಇನ್ನೊಂದು ಕಡೆ ಅಂತ ಬೋರ್ಡು ಇರುತ್ತದಲ್ಲ, ಅದನ್ನು ಅಮ್ಮನಿಗೆ ನೆನಪಿಸಿದೆ. "ಅದು ಅಂಗಡಿ ಮುಂದೆ" ಅಂದುಬಿಟ್ಟರು. ಮನೆಯ ಕಾನೂನು ಬೇರೆ.

ಅಮೆರಿಕದವರು ಇದನ್ನೆಲ್ಲ ಮೀರಿದವರು ಅಂದುಕೊಳ್ಳಬೇಡಿ. ಶಿಕಾಗೋದಲ್ಲಿ ಬೆವರು ಸುರಿಸಿ ಹಿಮ ಅಗೆದು ಜಾಗ ಮಾಡಿಕೊಂಡವರು, ಗಾಡಿ ತೆಗೆದುಕೊಂಡು ಹೋಗುವಾಗ ಅಲ್ಲಿ ಮುರುಕು ಕುರ್ಚಿ ಇಟ್ಟು ಹೋಗುತ್ತಾರೆ. ಅದಕ್ಕೆ 'ಡಿಬ್ಸ್' ಅಂತ ಹೆಸರು. ಬಾಸ್ಟನ್ನಿನಲ್ಲಂತೂ ಹಿಮದ ತುರ್ತುಸ್ಥಿತಿ ಮುಗಿದ ಮೇಲೆ 48 ಗಂಟೆ ಹೀಗೆ ಜಾಗ ಕಾಯ್ದಿಡಲು ಊರೇ ಅವಕಾಶ ಕೊಡುತ್ತದೆ. ಕುರ್ಚಿ, ಡಬ್ಬ, ಇಸ್ತ್ರಿ ಹಲಗೆ, ಕೈಗೆ ಸಿಕ್ಕಿದ್ದು. ಇದನ್ನು ಓದಿದಾಗ ನನಗೆ ಹೊಸದೇನೂ ಅನ್ನಿಸಲಿಲ್ಲ. ನಮ್ಮ ಕೆಂಪು ಬಸ್ಸಿಗೆ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತೇವಲ್ಲ, ಅದೇ. ಟವೆಲಿಗೆ ಟಿಕೆಟ್ಟಿಲ್ಲ, ಕಾನೂನಿಲ್ಲ. ಆದರೂ ಅದನ್ನು ಎತ್ತಿ ಕೂತವನ ಕಥೆ ಗೊತ್ತಲ್ಲ.

ನಮ್ಮ ಬೀದಿಯಲ್ಲಿ ಕುರ್ಚಿ ಪದ್ಧತಿ ಇಲ್ಲ. ಮೊದಲು ಬಂದವರಿಗೆ ಜಾಗ. ಹೀಗಾಗಿ ನನ್ನ ಗಾಡಿ ಹೆಚ್ಚಾಗಿ ನಿಲ್ಲುತ್ತಿದ್ದದ್ದು ನೇರ ಎದುರಿನ ಮನೆ ಮುಂದೆ. ಅಲ್ಲಿ ಒಬ್ಬ ಅಜ್ಜ ಇದ್ದಾರೆ. ಎರಡು ವರ್ಷದಿಂದ ಕೈ ಬೀಸುವಷ್ಟೇ ಪರಿಚಯ. ಮೊದಲ ಒಂದು ವಾರ ನಾನು ಕಳ್ಳನ ಹಾಗೆ ಗಾಡಿ ನಿಲ್ಲಿಸಿ, ಅವರ ಕಿಟಕಿ ಕಡೆ ನೋಡದೆ ಬರುತ್ತಿದ್ದೆ. "ಯಾರಪ್ಪಾ ಅದು?" ಅಂತ ಇಂಗ್ಲಿಷಿನಲ್ಲಿ ಯಾವಾಗ ಬರುತ್ತದೋ ಅಂತ.

ಬರಲಿಲ್ಲ. ಒಂದು ಬೆಳಿಗ್ಗೆ ಗಾಡಿ ಸಿಕ್ಕಿಹಾಕಿಕೊಂಡಿತು. ರಾತ್ರಿ ಪ್ಲೋ ಹೋಗಿ, ಗಾಡಿಯ ಪಕ್ಕದಲ್ಲಿ ಮೊಣಕಾಲೆತ್ತರದ ದಿಣ್ಣೆ ಮಾಡಿತ್ತು. ಸನಿಕೆಯಲ್ಲಿ ಅರ್ಧ ಗಂಟೆ ಅಗೆದೆ. ಮೀಸೆಯ ಮೇಲೆ ಉಸಿರೇ ಗಡ್ಡೆ ಕಟ್ಟಿತು. ಆಮೇಲೆ ಆಕ್ಸಿಲರೇಟರ್ ಒತ್ತಿದರೆ ಚಕ್ರ ನಿಂತಲ್ಲೇ ಗಿರ್ರನೆ ತಿರುಗಿ, ಕೆಳಗಿನ ಮಂಜನ್ನು ಇನ್ನಷ್ಟು ನುಣುಪು ಮಾಡುತ್ತದೆ. ಆಗ ಅಜ್ಜ ಬಂದರು. ಕೈಯಲ್ಲಿ ಬೆಕ್ಕಿನ ಕಕ್ಕಸಿಗೆ ಹಾಕುವ ಒಣ ಹರಳಿನ ಚೀಲ. ಮಾತಿಲ್ಲ ಕತೆಯಿಲ್ಲ, ಚಕ್ರದ ಮುಂದೆ ಎರಡು ಹಿಡಿ ಚೆಲ್ಲಿದರು. ಅದೂ ಸಾಲದೆ, ಕಾಲಿನ ಹತ್ತಿರದ ಮ್ಯಾಟ್ ಎಳೆದು ಚಕ್ರದ ಕೆಳಗೆ ತುರುಕು ಅಂತ ಸನ್ನೆ ಮಾಡಿದರು. ಹಿಂದಿನಿಂದ ಇನ್ಯಾರೋ ಇಬ್ಬರು ಬಂದು ತಳ್ಳಿದರು. ಗಾಡಿ ಒಮ್ಮೆ ಜಗ್ಗಿ ಹಾರಿತು. ನಿಲ್ಲಿಸಿದರೆ ಮತ್ತೆ ಸಿಕ್ಕಿಕೊಳ್ಳುತ್ತದೆ ಅಂತ, ಕಿಟಕಿಯಿಂದ ಕೈ ಮಾಡಿ ಹಾಗೇ ಹೊರಟುಬಿಟ್ಟೆ. ಸಂಜೆ ಬಂದು ನೋಡಿದರೆ ಮ್ಯಾಟ್ ಇಲ್ಲ. ಮೇಲೆ ಇನ್ನೊಂದು ಹಿಮ ಬಿದ್ದಿತ್ತು.

ಯುಗಾದಿಗೂ ಗೋಡೆ ಇತ್ತು. ಆಮೇಲೆ ನಿಧಾನಕ್ಕೆ ಬೆಳ್ಳಗಿನದು ಬೂದುಬಣ್ಣವಾಗಿ, ಬೂದು ಕಪ್ಪಾಗಿ, ಚರಂಡಿ ಕಡೆ ಹರಿಯತೊಡಗಿತು. ಒಂದೊಂದು ಪದರ ಕರಗಿದಂತೆ ಒಂದೊಂದು ಸಾಮಾನು ಮೇಲೆ ಬರುತ್ತದೆ. ಒಂಟಿ ಕೈಗವಸು. ಪ್ಲಾಸ್ಟಿಕ್ ಚೀಲದಲ್ಲೇ ಉಳಿದ ಡಿಸೆಂಬರಿನ ಪೇಪರು. ಯಾರದೋ ನಂಬರ್ ಪ್ಲೇಟಿನ ಚೂರು. ನಮ್ಮ ಗಾಡಿ ಕೊನೆಗೂ ಈಚೆ ಪಕ್ಕಕ್ಕೆ ಬಂತು.

ಆ ಭಾನುವಾರ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ಕಿಟಕಿಯಿಂದ ತೋರಿಸಿದೆ. ನೋಡಿ, ನಮ್ಮನೆ ಮುಂದೆ ನಮ್ಮ ಗಾಡಿ. ಅಮ್ಮ ಗಾಡಿ ನೋಡಲಿಲ್ಲ. ಅವರ ಕಣ್ಣು ಎದುರಿಗೆ ಹೋಗಿತ್ತು. ಅಜ್ಜನ ಮನೆಯ ಜಗಲಿ ಕಟಕಟೆಯ ಮೇಲೆ, ಕೆಸರು ತೊಳೆದು ಒಣಗಲು ಹಾಕಿದ್ದ ಒಂದು ಕಪ್ಪು ಮ್ಯಾಟ್. ಕಾರಿನದು. ನಮ್ಮದೇ.

"ಅದೇನೋ ಅದು, ಎದುರು ಮನೆ ಮೇಲೆ?" ಅಂದರು ಅಮ್ಮ. "ಅಲ್ಲೂ ಟವೆಲ್ ಹಾಕಿ ಬಂದಿದೀಯಾ?"