ಪರ-ವಿರೋಧ: ಊರಂಚಿನ ಹಳ್ಳಿಗಳು ಕಲಬುರಗಿ ಪಾಲಿಕೆಗೆ ಸೇರಬೇಕಾ?

ಪರ: ಊರು ಬೆಳೆದಿದೆ, ಆಡಳಿತವೂ ಬೆಳೆಯಲಿ

ಸೇಡಂ ರಸ್ತೆಯಲ್ಲೋ ಆಳಂದ ರಸ್ತೆಯಲ್ಲೋ ರಿಂಗ್ ರೋಡ್ ದಾಟಿ ಸ್ವಲ್ಪ ಮುಂದೆ ಹೋಗಿ ನೋಡಿ. ಒಂದು ಕಡೆ ತೊಗರಿ ಹೊಲ, ಇನ್ನೊಂದು ಕಡೆ ಮೂರಂತಸ್ತಿನ ಮನೆ. ನಡುವೆ ಕಲ್ಲು ನೆಟ್ಟ ಪ್ಲಾಟುಗಳು. ಇಲ್ಲಿ ಮನೆ ಕಟ್ಟಿಕೊಂಡವರ ನೌಕರಿ, ಮಕ್ಕಳ ಶಾಲೆ, ದವಾಖಾನೆ, ಬಜಾರು ಎಲ್ಲ ಕಲಬುರಗಿಯೊಳಗೆ. ಮನೆಯ ಖಾತೆ ಮಾತ್ರ ಗ್ರಾಮ ಪಂಚಾಯ್ತಿಯಲ್ಲಿ.

ಪರವಾಗಿ ಬರೆಯಿರಿ ಎಂದು ಸಂಪಾದಕರು ಕೇಳಿದಾಗ ಒಂದು ಷರತ್ತು ಹಾಕಿಯೇ ಒಪ್ಪಿದೆ. ಸುತ್ತಲಿನ ಎಲ್ಲ ಹಳ್ಳಿಗಳನ್ನೂ ಸೇರಿಸಿ ಎಂದು ನಾನು ಹೇಳುವುದಿಲ್ಲ. ಇವತ್ತಿಗೂ ಹೊಲವನ್ನೇ ನಂಬಿರುವ ಊರುಗಳನ್ನು ಮುಟ್ಟುವುದು ಬೇಡ. ಹೊಲ ಹೋಗಿ ಲೇಔಟ್ ಆಗಿರುವ ಊರುಗಳಷ್ಟೇ ನನ್ನ ವಿಷಯ.

ನಗರದ ಗಡಿ ಯಾವತ್ತೂ ಒಂದೇ ಕಡೆ ನಿಂತಿಲ್ಲ. ಬಡೇಪುರ, ರಾಜಾಪುರ ಎಂದರೆ ಇವತ್ತು ನಮಗೆ ಬಡಾವಣೆಗಳು. ಅಲ್ಲಿನ ಆಸ್ತಿ ಕಾಗದ ತೆಗೆದರೆ ಹಳ್ಳಿಯ ಸರ್ವೆ ನಂಬರು ಸಿಗುತ್ತದೆ. ಗುಲಬರ್ಗಾ ವಿಶ್ವವಿದ್ಯಾಲಯ 1980ರಲ್ಲಿ ಶುರುವಾದಾಗ ಅದು ಊರ ಹೊರಗಿನ ಜಾಗ. ಈಗ ಅದರ ಆಚೆಗೂ ಮನೆಗಳಿವೆ. 2019ರ ನವೆಂಬರ್‌ನಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲಂತೂ ಆ ಕಡೆಯ ಹೊಲಗಳ ರೇಟು ಎಲ್ಲಿಗೋ ಹೋಯಿತು.

ಆಡಳಿತವೂ ಕಾಲಕ್ಕೆ ತಕ್ಕಂತೆ ಬದಲಾಗುತ್ತಲೇ ಬಂದಿದೆ. ನಾವು ಹೈದರಾಬಾದ್ ಸಂಸ್ಥಾನದಲ್ಲಿದ್ದ ನಿಜಾಮರ ಕಾಲದಲ್ಲಿ ಕಂದಾಯದ ಒಂದು ರೂಪಾಯಿಗೆ ಒಂದು ಆಣೆ ಲೋಕಲ್ ಫಂಡ್ ಎಂದು ತೆಗೆದು, ಅದರಲ್ಲೇ ರಸ್ತೆ, ಬಾವಿ ಮಾಡಿಸುತ್ತಿದ್ದರು. 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. 1964ರ ಹೊಸ ಪುರಸಭೆ ಕಾಯ್ದೆ ಬಂತು, ಆಮೇಲೆ 1976ರ ಮಹಾನಗರ ಪಾಲಿಕೆ ಕಾಯ್ದೆ ಬಂತು. ಒಂದು ಪ್ರದೇಶ ಪಾಲಿಕೆಯಾಗಲು ಏನು ಬೇಕು ಎಂದು ಆ ಕಾಯ್ದೆ ಹೇಳುತ್ತದೆ. ಕನಿಷ್ಠ 3 ಲಕ್ಷ ಜನ, ಚದರ ಕಿಲೋಮೀಟರಿಗೆ 3,000 ಜನ, ಅರ್ಧದಷ್ಟಾದರೂ ಉದ್ಯೋಗ ಬೇಸಾಯದ ಹೊರಗಿನದು. ನಮ್ಮ ಲೇಔಟುಗಳಲ್ಲಿ ಬೇಸಾಯ ಮಾಡುವವರನ್ನು ಹುಡುಕಬೇಕು. ಪಕ್ಕದ ಬೀದರ್ ನಗರಸಭೆಯನ್ನೂ ಸುತ್ತಲಿನ ಹಳ್ಳಿಗಳ ಸಮೇತ ಪಾಲಿಕೆ ಮಾಡಲು ಸರ್ಕಾರ 2025ರಲ್ಲಿ ತೀರ್ಮಾನಿಸಿತು.

ನನ್ನ ಮುಖ್ಯ ಕಾರಣ ಗಟಾರ. ನಮ್ಮ ಲೇಔಟಿನವರು ದುಡ್ಡು ಹಾಕಿ ಮನೆ ಮುಂದೆ ಸಿಮೆಂಟ್ ಗಟಾರ ಕಟ್ಟಿಸಿದರು. ಅದು ಕೊನೆಯ ಪ್ಲಾಟಿನ ಕಲ್ಲಿನವರೆಗೆ ಹೋಗಿ ನಿಂತಿದೆ. ಅಲ್ಲಿಂದ ಬಚ್ಚಲ ನೀರೆಲ್ಲ ಪಕ್ಕದ ರೈತರ ಹೊಲಕ್ಕೆ. ಮಳೆಗಾಲದಲ್ಲಿ ಕರಿ ಮಣ್ಣು ಉಬ್ಬಿ ಗಟಾರ ಬಿರುಕು ಬಿಡುತ್ತದೆ. ಆ ರೈತರು ಒಂದು ಸಲ ಮಣ್ಣು ಹಾಕಿ ಬಾಯಿ ಮುಚ್ಚಿಬಿಟ್ಟರು. ಅವರದ್ದು ತಪ್ಪು ಎನ್ನಲು ಬರುತ್ತದಾ? ಪಂಚಾಯ್ತಿಗೆ ಹೋದರೆ ಒಳಚರಂಡಿ ಮಾಡುವಷ್ಟು ಅನುದಾನ ನಮ್ಮಲ್ಲಿಲ್ಲ ಎಂದರು. ನಗರದ ಕಚೇರಿಗೆ ಹೋದರೆ ನಿಮ್ಮ ಏರಿಯಾ ನಮ್ಮ ಲಿಮಿಟ್ಟಿನಲ್ಲಿಲ್ಲ ಎಂದರು. ಇಬ್ಬರೂ ಹೇಳಿದ್ದು ನಿಜವೇ. ನೀರಿಗೆ ಲಿಮಿಟ್ ಗೊತ್ತಿಲ್ಲ. ಹಳ್ಳಿಯ ಇಳಿಜಾರು, ನಗರದ ಇಳಿಜಾರು ಎರಡನ್ನೂ ಒಂದೇ ನಕ್ಷೆಯಲ್ಲಿ ಇಟ್ಟು ನೋಡುವ ಒಂದು ಸಂಸ್ಥೆ ಬೇಕು.

ಪಂಚಾಯ್ತಿಯಲ್ಲಿ ಸದಸ್ಯರು ಜಾಸ್ತಿ, ಜನರ ಮಾತು ಕೇಳುತ್ತಾರೆ ಎನ್ನುತ್ತಾರೆ. ಇರಬಹುದು. ಸದಸ್ಯರು ಜಾಸ್ತಿ ಇದ್ದ ಮಾತ್ರಕ್ಕೆ ಪೈಪು ಬರುವುದಿಲ್ಲ. ಅದಕ್ಕೆ ದುಡ್ಡು ಬೇಕು, ಎಂಜಿನಿಯರ್ ಬೇಕು, ಯೋಜನೆ ಬೇಕು. ಇನ್ನು ಹಳ್ಳಿಯ ಕಡೆ ಪ್ರಜಾಪ್ರಭುತ್ವ ಅಷ್ಟು ಗಟ್ಟಿ ಎನ್ನುವುದಾದರೆ ಮೇಲಿನ ಹಂತ ನೋಡಿ. ಜಿಲ್ಲಾ, ತಾಲ್ಲೂಕು ಪಂಚಾಯ್ತಿಗೆ 2016ರಲ್ಲಿ ಗೆದ್ದವರ ಅವಧಿ 2021ಕ್ಕೆ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳದ್ದೇ ಕಾರುಬಾರು.

ಸೇರಿದರೆ ತೆರಿಗೆ ಏರುತ್ತದೆ, ಹಳ್ಳಿಯ ಕೂಲಿಕಾರರಿಗೆ ಉದ್ಯೋಗ ಖಾತ್ರಿ ತಪ್ಪುತ್ತದೆ. ಇದು ನನಗೂ ಚಿಂತೆಯ ವಿಷಯ. ಅದಕ್ಕೇ ಲೇಔಟ್ ಆದ ಭಾಗವನ್ನು ಮೊದಲು ಸೇರಿಸಿ, ಹಳೇ ಊರಿನ ಭಾಗಕ್ಕೆ ಕೆಲವು ವರ್ಷ ಹಳೇ ದರದ ತೆರಿಗೆ ಇಡಿ ಎನ್ನುತ್ತೇನೆ.

ವಿರೋಧ: ನಮ್ಮ ಪಂಚಾಯ್ತಿ ನಮಗಿರಲಿ

ನಾನು ಕಲಬುರಗಿ ಪಕ್ಕದ ಒಂದು ಹಳ್ಳಿಯ ಪಂಚಾಯ್ತಿಯಲ್ಲಿ ಮೊದಲು ಸದಸ್ಯೆಯಾಗಿ, ಆಮೇಲೆ ಅಧ್ಯಕ್ಷೆಯಾಗಿ ಕೆಲಸ ಮಾಡಿದವಳು. ಈ ವಿಷಯದಲ್ಲಿ ನನಗೆ ಎರಡು ಮನಸ್ಸಿಲ್ಲ. ನಮ್ಮನ್ನು ಕೇಳದೆ ನಮ್ಮ ಪಂಚಾಯ್ತಿಯನ್ನು ಅಳಿಸುವ ಹಕ್ಕು ಯಾರಿಗೂ ಇಲ್ಲ.

ನಮ್ಮ ಭಾಗದಲ್ಲಿ ಪಂಚಾಯ್ತಿ ಸುಮ್ನೆ ಬಂದದ್ದಲ್ಲ. ಹಳೇ ಮೈಸೂರಿನವರಿಗೆ 1881ರಲ್ಲೇ ಪ್ರಜಾಪ್ರತಿನಿಧಿ ಸಭೆ ಇತ್ತು. ನಮಗೇನಿತ್ತು? ಊರಿಗೊಬ್ಬ ಪೊಲೀಸ್ ಪಟೇಲ, ಕಂದಾಯಕ್ಕೆ ಮಾಲಿ ಪಟೇಲ, ಲೆಕ್ಕಕ್ಕೆ ಪಟವಾರಿ. ಮೂರೂ ಅಪ್ಪನಿಂದ ಮಗನಿಗೆ ಬರುವ ಹುದ್ದೆ. ಜಿಲ್ಲೆಯ ಬೋರ್ಡು ಅಂತ ಒಂದಿದ್ದರೂ ಅದರ ಮೇಲೆ ಕೂತವರು ತಾಲ್ಲೂಕ್ದಾರರು, ಅಂದರೆ ಈಗಿನ ಡಿಸಿ ಜಾಗದಲ್ಲಿದ್ದವರು. ನಿಜಾಮರು ಇನಾಮಾಗಿ ಬಿಟ್ಟುಕೊಟ್ಟ ಜಾಗೀರು ಊರುಗಳಲ್ಲಿ ಜಾಗೀರದಾರರ ಮಾತೇ ಕಾನೂನು. 1948ರ ಸೆಪ್ಟೆಂಬರ್ 17ಕ್ಕೆ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು. ಮರುವರ್ಷ ಜಾಗೀರು ರದ್ದಾಯಿತು. ಆಮೇಲೆ 1956ರ ಹೈದರಾಬಾದ್ ಗ್ರಾಮ ಪಂಚಾಯ್ತಿ ಕಾಯ್ದೆ, ಅದರ ಬೆನ್ನಿಗೆ 1959ರ ಮೈಸೂರು ಕಾಯ್ದೆ. ಕಾಗದದ ಮೇಲೆ ಎಲ್ಲ ಬಂತು. ಊರಲ್ಲಿ ಹಳೇ ಪಟೇಲರ ಮನೆಯವರೇ ಚೇರ್ಮನ್ನರು.

ನಮ್ಮ ಅತ್ತೆಯವರು ಹೇಳುತ್ತಿದ್ದರು. ಅವರ ಮಾವ ಚಾವಡಿಗೆ ಹೋದರೆ ಚಪ್ಪಲಿ ಕಂಕುಳಲ್ಲಿ ಇಟ್ಟುಕೊಂಡು ಬಿಸಿಲಲ್ಲಿ ನಿಲ್ಲಬೇಕಿತ್ತಂತೆ. ಕಟ್ಟೆ ಹತ್ತುವ ಹಾಗಿರಲಿಲ್ಲ. ನಮ್ಮ ಓಣಿಯವರ ಮಾತು ಕೇಳಬೇಕಾದರೆ ಪಟವಾರಿಯ ಆಳು ಹೊರಗೆ ಬಂದು ಕೇಳಿಕೊಂಡು ಹೋಗುತ್ತಿದ್ದನಂತೆ.

ಇದು ಬದಲಾದದ್ದು 1987ರಲ್ಲಿ. ಆಗಿನ ಪಂಚಾಯತ್ ರಾಜ್ ಮಂತ್ರಿ ಅಬ್ದುಲ್ ನಜೀರ್ ಸಾಬ್ ಅವರು ತಂದ 1983ರ ಕಾಯ್ದೆ ಪ್ರಕಾರ ಆ ವರ್ಷ ಜಿಲ್ಲಾ ಪರಿಷತ್ತು, ಕೆಲವು ಹಳ್ಳಿ ಸೇರಿದ ಮಂಡಲ ಪಂಚಾಯ್ತಿ ಚುನಾವಣೆ ಆಯಿತು. ಹೆಣ್ಣುಮಕ್ಕಳಿಗೆ ನೂರಕ್ಕೆ 25 ಸೀಟು. ಊರೂರಿಗೆ ಬೋರ್‌ವೆಲ್ ಹಾಕಿಸಿ ನೀರ್ ಸಾಬ್ ಅನ್ನಿಸಿಕೊಂಡವರು ಅವರೇ. ನಮ್ಮ ಅತ್ತೆ ಆ ಚುನಾವಣೆಯಲ್ಲಿ ನಿಂತು ಗೆದ್ದರು. ಓದು ಬರಹ ಬರುತ್ತಿರಲಿಲ್ಲ. ಹಳೇ ಚಾವಡಿಯಲ್ಲೇ ಮೀಟಿಂಗು. ಮೊದಲ ದಿನ ಅವರಿಗೆ ಕುರ್ಚಿ ಹಾಕಿದ್ದರು, ಕೂರಲು ಹೆದರಿಕೆ. ಮಂಡಲದ ಅಧ್ಯಕ್ಷರಾದ ಪ್ರಧಾನರೇ ಎದ್ದು ಬಂದು ‘ಕೂಡಬೇ ಯವ್ವಾ, ನೀನೂ ಮೆಂಬರ್ ಇದ್ದೀ’ ಅಂದರಂತೆ. ಕೂತರು. ಆಮೇಲೆ ಅವರು ಎದ್ದು ಮಾತಾಡಿದ್ದು ನಮ್ಮ ಓಣಿಗೆ ಲೈಟಿನ ಕಂಬ ಬೇಕು ಅಂತ. ಕಂಬ ಬಂತು. ಇವತ್ತಿಗೂ ಅದು ನಮ್ಮ ಮನೆ ಮೂಲೆಯಲ್ಲೇ ಇದೆ.

ಮಂಡಲಗಳ ಅವಧಿ ಮುಗಿದ ಮೇಲೆ ಆಡಳಿತಾಧಿಕಾರಿಗಳು ಬಂದರು. ಮತ್ತೆ ಸಂವಿಧಾನ ತಿದ್ದುಪಡಿಯಾಗಿ 1993ರ ಪಂಚಾಯತ್ ರಾಜ್ ಕಾಯ್ದೆ ಬರಬೇಕಾಯಿತು. ಈ ಕಾಯ್ದೆಯ ಒಂದು ಸಾಲನ್ನು ಎಲ್ಲರೂ ನೆನಪಿಡಬೇಕು. ಪ್ರತಿ 400 ಜನಕ್ಕೆ ಒಬ್ಬ ಸದಸ್ಯ. 2010ರಿಂದ ಅರ್ಧ ಸೀಟು ಹೆಣ್ಣುಮಕ್ಕಳಿಗೆ. ನಾನು ಗೆದ್ದದ್ದು ಈ ಸೀಟಿನಿಂದಲೇ.

ಈಗ ಪಾಲಿಕೆಯ ಲೆಕ್ಕ ನೋಡಿ. 2011ರ ಜನಗಣತಿಯಲ್ಲಿ ಕಲಬುರಗಿ ನಗರದ ಜನ ಸುಮಾರು 5.33 ಲಕ್ಷ. ವಾರ್ಡುಗಳು 55. ಒಬ್ಬ ಕಾರ್ಪೊರೇಟರಿಗೆ 9,700 ಜನ. ಆಮೇಲೆ ನಗರ ಬೆಳೆದಿದೆ, ಇವತ್ತು ಇನ್ನೂ ಜಾಸ್ತಿಯೇ. 6,000 ಜನರಿರುವ ಪಂಚಾಯ್ತಿಗೆ 15 ಸದಸ್ಯರು. ಅದೇ ಊರು ಪಾಲಿಕೆಗೆ ಹೋದರೆ ಪೂರ್ತಿ ಒಂದು ವಾರ್ಡೂ ಆಗುವುದಿಲ್ಲ. ಪಕ್ಕದ ಲೇಔಟುಗಳ ಜೊತೆ ಕೂಡಿಸುತ್ತಾರೆ. ಅಲ್ಲಿ ದುಡ್ಡಿದ್ದವರು ನಿಲ್ಲುತ್ತಾರೆ, ಗೆಲ್ಲುತ್ತಾರೆ. ನಮ್ಮ ಅತ್ತೆಯಂಥವರು ಆ ಚುನಾವಣೆಗೆ ನಿಲ್ಲಲು ಸಾಧ್ಯವಾ? ಹದಿನೈದು ಕುರ್ಚಿ ಇದ್ದ ಊರಿಗೆ ಅರ್ಧ ಕುರ್ಚಿ ಕೊಟ್ಟು ಅಭಿವೃದ್ಧಿ ಎನ್ನುತ್ತಾರೆ.

ಆ ಕುರ್ಚಿಯಾದರೂ ಖಾಲಿ ಇರಬಾರದಲ್ವಾ? ಕಲಬುರಗಿ ಜನ ಪಾಲಿಕೆಗೆ ಮತ ಹಾಕಿದ್ದು 2021ರ ಸೆಪ್ಟೆಂಬರ್‌ನಲ್ಲಿ. ಮೇಯರ್ ಆಯ್ಕೆ ಆದದ್ದು 2023ರ ಮಾರ್ಚ್‌ನಲ್ಲಿ. ಒಂದೂವರೆ ವರ್ಷ ಗೆದ್ದವರು ಹೊರಗೆ, ಅಧಿಕಾರಿಗಳು ಒಳಗೆ. ತಾಲ್ಲೂಕ್ದಾರರ ಕಾಲಕ್ಕೂ ಇದಕ್ಕೂ ಏನು ಫರಕು?

ಪಾಲಿಕೆ ಬೇಕು ಎನ್ನುವವರು ನೀರು, ಗಟಾರ ಎಂದು ಎರಡೇ ಮಾತು ಹೇಳುತ್ತಾರೆ. ಬೋರ್ಡು ಬದಲಾದ ಮರುದಿನವೇ ಭೀಮಾ ನದಿ ನಮ್ಮ ನಳಕ್ಕೆ ಬರುತ್ತದೆ ಎನ್ನುವ ಹಾಗೆ ಮಾತಾಡುತ್ತಾರೆ. ನಗರಕ್ಕೆ ಭೀಮಾ ಮತ್ತು ಬೆಣ್ಣೆತೊರಾ ನೀರು ಬರುವುದು ನಿಜ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಜೊತೆಗೆ ಕಲಬುರಗಿಯ ಕೆಲವು ವಾರ್ಡುಗಳಿಗೆ ದಿನದ 24 ಗಂಟೆ ನೀರು ಕೊಟ್ಟು 2008ರ ಸುಮಾರಿಗೆ ದೊಡ್ಡ ಸುದ್ದಿಯಾಯಿತು. ಉಳಿದ ವಾರ್ಡಿನವರು ಆಮೇಲೂ ಎಷ್ಟು ವರ್ಷ ಕಾದರು ಎಂದು ಅಲ್ಲಿನವರನ್ನೇ ಕೇಳಿ. ಒಳಗಿದ್ದವರನ್ನೇ ಇಷ್ಟು ಕಾಯಿಸಿದವರು ಅಂಚಿನವರಿಗೆ ಯಾವಾಗ ಕೊಡುತ್ತಾರೆ? ಗಟಾರದ ತೊಂದರೆ ತಂದವರು ಹೊಲದಲ್ಲಿ ಪ್ಲಾಟು ಹಾಕಿ ಮಾರಿ ಹೋದವರು. ಅದಕ್ಕೆ ನಮ್ಮ ಪಂಚಾಯ್ತಿ ಯಾಕೆ ಹೋಗಬೇಕು?

ನಮ್ಮ ಕೆಲಸ ಹೇಗೆ ನಡೆಯುತ್ತದೆ ಎಂದು ಒಂದು ಬೇಸಿಗೆಯದ್ದು ಹೇಳುತ್ತೇನೆ. ನಾನು ಅಧ್ಯಕ್ಷೆಯಾಗಿದ್ದಾಗ ಏಪ್ರಿಲ್‌ನಲ್ಲಿ ಊರ ದೊಡ್ಡ ಬೋರಿನ ಮೋಟರ್ ಸುಟ್ಟುಹೋಯಿತು. ಬೆಳಿಗ್ಗೆ ಎಂಟಕ್ಕೇ ಮುಖ ಸುಡುವ ಬಿಸಿಲು. ಹೆಣ್ಣುಮಕ್ಕಳು ಖಾಲಿ ಕೊಡ ಹಿಡಿದು ಸೀದಾ ನಮ್ಮ ಮನೆ ಅಂಗಳಕ್ಕೆ ಬಂದರು. ಬೈದರು. ಬೈಸಿಕೊಂಡೆ. ಅಲ್ಲೇ ಪಂಚಾಯ್ತಿಯ ಅಧಿಕಾರಿ ಪಿಡಿಒಗೆ ಫೋನ್ ಹಚ್ಚಿದೆ. ಮೋಟರ್ ಎತ್ತಿ ಟ್ರ್ಯಾಕ್ಟರಿನಲ್ಲಿ ಹಾಕಿ ಕಲಬುರಗಿಗೆ ವೈಂಡಿಂಗ್‌ಗೆ ಕಳಿಸಿದೆವು. ಅದು ಬರುವವರೆಗೆ ಇಬ್ಬರು ರೈತರು ತಮ್ಮ ಹೊಲದ ಬೋರು ಬಿಟ್ಟುಕೊಟ್ಟರು. ವಾಟರ್‌ಮ್ಯಾನ್ ಓಣಿಗೆ ಇಷ್ಟು ಹೊತ್ತು ಅಂತ ಹಂಚಿ ವಾಲ್ವ್ ತಿರುಗಿಸಿದ. ಅಧ್ಯಕ್ಷೆಯ ಓಣಿಗೆ ಮೊದಲು ಬಿಟ್ಟಾನು ಎಂಬ ಅನುಮಾನಕ್ಕೆ ಮೇಲಿನ ಓಣಿಯ ಅಜ್ಜಿಯೊಬ್ಬರು ವಾಲ್ವಿನ ಪಕ್ಕ ಕಲ್ಲಿನ ಮೇಲೆ ಕೂತೇ ಇದ್ದರು. ಮುಂದಿನ ಗ್ರಾಮಸಭೆಯಲ್ಲಿ ಅದೇ ಅಜ್ಜಿ ಎದ್ದು, ಮೋಟರ್ ರಿಪೇರಿಗೆ ಎಷ್ಟು ಬಿಲ್ ಹಾಕಿದ್ದೀರಿ, ಓದಿ ಹೇಳ್ರಿ ಎಂದರು. ಓದಿ ಹೇಳಿದೆವು. ಆರು ತಿಂಗಳಿಗೆ ಒಂದಾದರೂ ಗ್ರಾಮಸಭೆ ಮಾಡಬೇಕು ಎಂದು ಕಾಯ್ದೆಯಲ್ಲೇ ಇದೆ. ಪಾಲಿಕೆಯ ಕಚೇರಿಗೆ ಆ ಅಜ್ಜಿ ಹೋಗಿ ಬಿಲ್ ಓದಿಸಿಕೊಳ್ಳಲು ಆಗುತ್ತದಾ? ಆಟೋ ಮಾಡಿಕೊಂಡು ಹೋದರೂ ಯಾವ ಟೇಬಲ್ಲಿಗೆ ಹೋಗಬೇಕು ಎಂದು ಕೇಳುವುದರಲ್ಲೇ ದಿನ ಹೋಗುತ್ತದೆ.

ಇನ್ನು ಹೊಟ್ಟೆಪಾಡು. ನಮ್ಮೂರಲ್ಲಿ ಹೊಲ ಮಾರಿದವರ ಮನೆಗೆ ಕಾರು ಬಂತು. ಹೊಲವೇ ಇಲ್ಲದವರಿಗೆ ಏನೂ ಬರಲಿಲ್ಲ, ಇದ್ದ ಕೂಲಿಯೂ ಹೋಯಿತು. ಅವರಿಗೆ ಬೇಸಿಗೆಯಲ್ಲಿ ಆಧಾರ ಉದ್ಯೋಗ ಖಾತ್ರಿ ಕೆಲಸ. ಅದು ಹಳ್ಳಿಗೆ ಮಾತ್ರ. ಪಾಲಿಕೆಗೆ ಸೇರಿದ ದಿನ ಅವರ ಜಾಬ್ ಕಾರ್ಡ್ ಬರೀ ಕಾಗದ. ಕೆಲವು ವರ್ಷ ಹಳೇ ತೆರಿಗೆ ಇಡಿ ಎನ್ನುವವರು ಈ ಕಾರ್ಡಿಗೆ ಏನು ಮಾಡುತ್ತಾರೆ, ಹೇಳಲಿ.

ಊರು ಬೆಳೆದಿಲ್ಲ ಎಂದು ನಾನು ಹೇಳುತ್ತಿಲ್ಲ. ಬೆಳೆದ ಊರಿಗೆ ಸಂವಿಧಾನದಲ್ಲೇ ದಾರಿ ಇದೆ. ಹಳ್ಳಿಯಿಂದ ಪಟ್ಟಣವಾಗುತ್ತಿರುವ ಜಾಗಕ್ಕೆ ಪಟ್ಟಣ ಪಂಚಾಯ್ತಿ ಮಾಡಬಹುದು. 10,000 ಜನ ದಾಟಿದ, ಬೇಸಾಯ ಕಡಿಮೆಯಾದ ಊರುಗಳನ್ನು ಹಾಗೆ ಮಾಡಿ. ಕಚೇರಿ ಊರಲ್ಲೇ ಇರುತ್ತದೆ, ಸದಸ್ಯರು ಊರಿನವರೇ ಇರುತ್ತಾರೆ. ನೀರು, ಒಳಚರಂಡಿಗೆ ಪಾಲಿಕೆಯ ಜೊತೆ ಒಪ್ಪಂದ ಮಾಡಿಕೊಳ್ಳಲಿ. ಉಳಿದ ಊರುಗಳು ಪಂಚಾಯ್ತಿಯಾಗಿಯೇ ಇರಲಿ. ಮತ್ತೆ ಕರಡು ಅಧಿಸೂಚನೆ ಹೊರಡಿಸುವ ಮುಂಚೆ ಪ್ರತಿ ಊರಲ್ಲೂ ವಿಶೇಷ ಗ್ರಾಮಸಭೆ ಕರೆಯಲಿ. ಡಿಸಿಯವರೇ ಬಂದು ತೆರಿಗೆ ಎಷ್ಟಾಗುತ್ತದೆ, ನೀರು ಯಾವ ವರ್ಷ ಬರುತ್ತದೆ ಎಂದು ಬರೆದು ಓದಲಿ. ನಾವು ಕೈ ಎತ್ತುತ್ತೇವೋ ಇಲ್ಲವೋ, ಅಲ್ಲೇ ಎಣಿಸಿಕೊಳ್ಳಲಿ.